ಎರಡು ಹಳ್ಳಗಳ ಅಳತೆ

ಸಾಗರಕ್ಕೆ ವರ್ಗವಾಗಿ ಬಂದಾಗ ನನಗೆ ಇನ್ನೂ ಮದುವೆಯಾಗಿರಲಿಲ್ಲ. ಬಯಲುಸೀಮೆಯವನಾದ ನಾನು ಅಲ್ಲಿನ ಮೊದಲ ಮಳೆಗಾಲವನ್ನು ಬಹುಪಾಲು ಕಚೇರಿಯ ಕಿಟಕಿಯಿಂದಲೇ ನೋಡಿ ಮುಗಿಸಿದ್ದೆ. ಇಷ್ಟು ಮಳೆ ಸುರಿಯುವ ಸೀಮೆಯಲ್ಲಿ ಕುಡಿಯುವ ನೀರಿಗಾಗಿ ಒಬ್ಬ ಇಂಜಿನಿಯರ್ ಓಡಾಡಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಕಚೇರಿಯ ಮುಖ್ಯಸ್ಥರಾಗಿದ್ದ ನಮ್ಮ ಸಾಹೇಬರು ನನ್ನನ್ನು ಕರೆದರು. ಹೊಸನಗರ ತಾಲ್ಲೂಕಿನ ಒಂದು ಸಣ್ಣ ಪೇಟೆಗೆ ಜಲಾಶಯ ಕಟ್ಟಲು ಸಾಧ್ಯವೇ, ಸಾಧ್ಯವಾದರೆ ಎಲ್ಲಿ ಎಂದು ನೋಡಿ ವರದಿ ಕೊಡುವ ಕೆಲಸ ಒಪ್ಪಿಸಿದರು. ಅರವತ್ತರ ದಶಕದ ನಡುವಿನ ಮಾತು ಇದು. ಅದು ನಾನು ಒಬ್ಬನೇ ಹೊತ್ತ ಮೊದಲ ಕೆಲಸ.

ಪೇಟೆಯ ಹೆಸರು ಇಲ್ಲಿ ಬೇಡ. ಗುಡ್ಡದ ಇಳಿಜಾರಿನಲ್ಲಿ ಕೂತ ಊರು, ಮೇಲೊಂದು ಬೀದಿ, ಕೆಳಗೊಂದು ಬೀದಿ, ನಡುವೆ ಬಸ್ ನಿಲ್ಲುವ ಜಾಗ. ಅಡಿಕೆ ವ್ಯಾಪಾರಿಯೊಬ್ಬರು ಪಂಚಾಯ್ತಿಯ ಚೇರ್ಮನ್ನರಾಗಿದ್ದರು. ದಪ್ಪ ಮೈ, ಬಿಳಿ ಪಂಚೆ, ನಿಂತಲ್ಲಿ ನಿಲ್ಲದ ಸ್ವಭಾವ. ನಾನು ಬಸ್ಸಿಳಿದಾಗ ಅವರೇ ಕಾದಿದ್ದರು. ಕಾಫಿಗೂ ಕೂರಿಸದೆ ನೇರವಾಗಿ ಹೆರಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹಿತ್ತಲಿನ ಹಂಡೆಯ ಮುಚ್ಚಳ ತೆಗೆದು ತೋರಿಸಿದರು. ತಳದಲ್ಲಿ ಕೆಂಪು ರಾಡಿ ಇತ್ತು. ಆಸ್ಪತ್ರೆಯ ಬಾವಿ ಶಿವರಾತ್ರಿಯ ಹೊತ್ತಿಗೆ ತಳ ಕಾಣುತ್ತದೆ, ಆಮೇಲೆ ಹೊಳೆಯಿಂದ ಎತ್ತಿನ ಗಾಡಿಯಲ್ಲಿ ಪೀಪಾಯಿ ತುಂಬಿ ತರಬೇಕು ಎಂದರು. ಹಿಂದಿನ ಬೇಸಿಗೆಯಲ್ಲಿ ಗಾಡಿಯ ಅಚ್ಚು ಮುರಿದು ದಾರಿಯಲ್ಲೇ ನಿಂತ ದಿನ ಅವರ ಸೊಸೆಗೆ ಇದೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತಂತೆ. ತಾಯಿ ಮಗು ಇಬ್ಬರೂ ಉಳಿದರು. ಆದರೆ ಅಂದು ಮನೆಮನೆಯ ಬಾಗಿಲಿಗೆ ಹೋಗಿ ಬಿಂದಿಗೆ ನೀರು ಬೇಡಿದ್ದನ್ನು ಚೇರ್ಮನ್ನರು ಮರೆತಿರಲಿಲ್ಲ.

"ಇಂಜಿನಿಯರ್ರೆ, ಜಾಗ ನಾನು ನೋಡಿಟ್ಟಿದೀನಿ. ನೀವು ಸೈ ಅಂದ್ರೆ ಬರೋ ಬೇಸಿಗೆಗೆ ಊರಲ್ಲಿ ನಲ್ಲಿ" ಎಂದರು.

ಅವರು ನೋಡಿಟ್ಟ ಜಾಗ ಪೇಟೆಯ ಮೇಲ್ಗಡೆ ಹಳ್ಳವೊಂದು ಹರಿಯುವ ಅಗಲವಾದ ಕಣಿವೆ. ಎರಡು ಗುಡ್ಡಗಳ ಕಾಲು ಹತ್ತಿರ ಬಂದಲ್ಲಿ ಒಂದು ಏರಿ ಹಾಕಿದರೆ ಸಾಕು, ನೀರು ತಾನಾಗಿ ಊರಿಗೆ ಇಳಿದು ಬರುವಂತಿತ್ತು. ಕಾಗದದ ಮೇಲೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. ಮೊದಲ ಸಲ ಅಲ್ಲಿ ನಿಂತಾಗ ನನಗೂ ಖುಷಿಯಾಯಿತು. ಆಮೇಲೆ ಕಣಿವೆಯ ತಳದಲ್ಲಿ ಹೊಸದಾಗಿ ಮಟ್ಟ ಮಾಡಿದ ಗದ್ದೆಗಳೂ ಸೋಗೆ ಹೊದಿಸಿದ ಕೆಲವು ಮನೆಗಳೂ ಕಣ್ಣಿಗೆ ಬಿದ್ದವು. ಅಲ್ಲಿರುವವರು ಯಾರು ಎಂದು ಕೇಳಿದೆ. ಶರಾವತಿಯ ದೊಡ್ಡ ಅಣೆಕಟ್ಟಿನಲ್ಲಿ ಊರು ಮುಳುಗಿ, ಇಲ್ಲಿಗೆ ಬಂದು ನೆಲೆ ನಿಂತವರು ಎಂದರು ಚೇರ್ಮನ್ನರು. ಹೇಳುವಾಗ ಅವರ ದನಿ ಸ್ವಲ್ಪ ತಗ್ಗಿತು. ಅವರಿಗೆ ಬೇರೆ ಕಡೆ ಜಾಗ ಕೊಡಿಸೋಣ ಎಂದು ಸೇರಿಸಿದರು.

ಕಚೇರಿಯ ಜೀಪಿನಲ್ಲಿ ಲೆವೆಲ್ ಯಂತ್ರ ತರಿಸಿ, ಸರಪಳಿ ಎಳೆಯುವ ಆಳುಗಳನ್ನು ಕರೆದುಕೊಂಡು ಹೋಗಿ ನೀರು ನಿಲ್ಲುವ ಮಟ್ಟಕ್ಕೆ ಗೂಟ ಹೊಡೆಸಿದೆ. ಮರುದಿನ ಬೆಳಿಗ್ಗೆ ಹೋದರೆ ಗೂಟಗಳಿಲ್ಲ. ಮತ್ತೆ ಹೊಡೆಸಿದೆವು. ಅದಕ್ಕೆ ಮರುದಿನ ಸ್ವಲ್ಪ ಬೇಗ ಹೋದಾಗ ಐವತ್ತರ ಆಸುಪಾಸಿನ ಹೆಂಗಸೊಬ್ಬರು, ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ, ಒಂದೊಂದೇ ಗೂಟವನ್ನು ಅಲ್ಲಾಡಿಸಿ ಕಿತ್ತು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ನಮ್ಮನ್ನು ಕಂಡರೂ ಕೈ ನಿಲ್ಲಿಸಲಿಲ್ಲ.

ಇದು ಸರ್ಕಾರದ ಕೆಲಸ, ಕೀಳಬಾರದು ಎಂದೆ.

"ನಮ್ಮ ಗದ್ದೇಲಿ ನಂಗೆ ಒಂದ್ ಮಾತು ಕೇಳ್ದೆ ಗೂಟ ಹೊಡ್ದ್ರೆ ಕೀಳ್ದೆ ಇನ್ನೇನ್ ಮಾಡ್ಲಿ ಓವರ್ಸೀರ್ರೆ?" ಎಂದರು. ಆ ಕಡೆ ಅಳೆಯಲು ಬಂದವರೆಲ್ಲ ಓವರ್ಸೀರ್ರೇ. "ಅಲ್ಲೂ ಹಿಂಗೇ ಆಯ್ತು. ಮೊದ್ಲು ಗೂಟ ಬಂತು. ಆಮೇಲೆ ನೀರು ಬಂತು. ನಡುವೆ ಯಾರೂ ಬಂದು ಮಾತಾಡ್ಲಿಲ್ಲ."

ನನ್ನ ಆಳುಗಳು ನನ್ನ ಮುಖ ನೋಡಿದರು. ಪೊಲೀಸರಿಗೆ ಹೇಳುತ್ತೇನೆ ಎಂದು ಹೆದರಿಸಬಹುದಿತ್ತು. ಆ ಹೆಂಗಸು ಹೆದರುವವರಲ್ಲ ಎಂಬುದು ಎದುರಿಗೇ ಕಾಣುತ್ತಿತ್ತು. ನಾನು ಟೋಪಿ ತೆಗೆದು ಗದ್ದೆಯ ಅಂಚಿನ ಮೇಲೆ ಕೂತೆ. ಅವರ ಮೈದುನ ಮನೆಯೊಳಗಿನಿಂದ ಬಂದು ಸ್ವಲ್ಪ ದೂರದಲ್ಲಿ ನಿಂತ. ಪೇಟೆಯ ನೀರಿನ ಕಷ್ಟ ಹೇಳಿದೆ. ಅದು ಅವರಿಗೂ ಗೊತ್ತಿತ್ತು. ಕೊನೆಗೆ ನನ್ನ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದೆ.

"ಅಮ್ಮ, ನಾನು ಅಳೆಯದಿದ್ರೆ ಇಲ್ಲಿ ಕಟ್ಟೋದಿಲ್ಲ ಅಂತ ತಿಳ್ಕೋಬೇಡಿ. ಅಳೆಯದೇ ಕಟ್ತಾರೆ. ಇಲ್ಲಿ ಬೇಡ ಅಂತ ಹೇಳ್ಬೇಕಾದ್ರೂ ನಾನು ಅಳೀಲೇಬೇಕು."

"ಇಲ್ಲೇ ಸರಿ ಅಂತ ಬಂದ್ರೆ?"

"ಬಂದ್ರೆ ಅದನ್ನೂ ಬರೀತೀನಿ."

ಆಕೆ ಬುಟ್ಟಿಯನ್ನು ಕೆಳಗಿಟ್ಟರು. ಸುಳ್ಳು ಸಮಾಧಾನ ಹೇಳುತ್ತಿಲ್ಲವಲ್ಲ ಎಂದು ನನ್ನನ್ನೇ ನೋಡುತ್ತಿರುವಂತಿತ್ತು. "ಹಂಗಾದ್ರೆ ಅಳೀರಿ. ಏನು ಬಂತು ಅಂತ ಮೊದ್ಲು ಇಲ್ಲಿ ಬಂದು ಹೇಳ್ಬೇಕು. ಪೇಟೆಯೋರಿಗೆ ಆಮೇಲೆ." ಒಪ್ಪಿದೆ. ಆ ದಿನ ಗೂಟ ಹೊಡೆಯಲು ಅವರ ಮೈದುನನೇ ಸುತ್ತಿಗೆ ಹಿಡಿದ.

ಅಳತೆಗಳು ಚೇರ್ಮನ್ನರ ಕಡೆಗೇ ಇದ್ದವು. ನೀರು ಎಷ್ಟು ನಿಲ್ಲುತ್ತದೆ ಎಂದು ಲೆಕ್ಕ ಹಾಕಿದರೆ ಊರಿಗೆ ಸಾಕಾಗಿ ಮಿಗುತ್ತಿತ್ತು. ಆದರೆ ನಿಂತ ನೀರು ಉಳಿಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕಾಗಿ ಕಣಿವೆಯ ಎರಡೂ ಪಕ್ಕದಲ್ಲಿ ಆಳವಾಗಿ ಗುಂಡಿ ತೋಡಿಸಿ ನೀರು ತುಂಬಿಸಿ ನೋಡಿದೆವು. ಬಲ ಪಕ್ಕದ ಗುಂಡಿಗಳಲ್ಲಿ ಜೇಡಿಮಣ್ಣಿತ್ತು, ನೀರು ಅಲ್ಲಾಡದೆ ನಿಂತಿತು. ಎಡ ಪಕ್ಕದಲ್ಲಿ ಮೇಲಿನ ಮಣ್ಣು ತೆಗೆದ ಕೂಡಲೇ ಜಂಬಿಟ್ಟಿಗೆ ಕಲ್ಲು ಸಿಕ್ಕಿತು. ಜೇನುಗೂಡಿನ ಹಾಗೆ ತೂತು ತೂತು. ಪೀಪಾಯಿಗಟ್ಟಲೆ ಹೊತ್ತು ತಂದು ಸುರಿದ ನೀರು ನಾವು ಊಟ ಮುಗಿಸಿ ಬರುವಷ್ಟರಲ್ಲಿ ಇಳಿದುಹೋಗಿರುತ್ತಿತ್ತು. ಬೇರೆ ಬೇರೆ ಕಡೆ ತೋಡಿಸಿದೆ. ಆ ಗುಡ್ಡದ ಉದ್ದಕ್ಕೂ ಅದೇ ಕಥೆ. ಅಂಥ ಗುಡ್ಡಕ್ಕೆ ಏರಿಯ ಒಂದು ತುದಿ ಆನಿಸಿ ನೀರು ಕಟ್ಟಿದರೆ ಮಳೆಗಾಲದಲ್ಲಿ ತುಂಬಿದ್ದು ಬೇಸಿಗೆಯ ಹೊತ್ತಿಗೆ ಸೋರಿ ಖಾಲಿಯಾಗುತ್ತದೆ. ಏರಿಯೇ ಕುಸಿದರೂ ಆಶ್ಚರ್ಯವಿಲ್ಲ.

ಮಾತು ಕೊಟ್ಟಂತೆ ಮೊದಲು ಆಕೆಗೆ ಹೇಳಿದೆ. ಆಕೆ ಹಿಗ್ಗಲಿಲ್ಲ. ಹಾಗಾದರೆ ಪೇಟೆಯವರ ನೀರಿಗೆ ಏನು ಮಾಡುತ್ತೀರಿ ಎಂದು ಕೇಳಿದರು.

ಚೇರ್ಮನ್ನರು ಮಾತ್ರ ಕೆಂಡವಾದರು. "ಕವಲೇದುರ್ಗದಲ್ಲಿ ಬೆಟ್ಟದ ನೆತ್ತಿ ಮೇಲೆ ನೀರು ನಿಲ್ಸಿದ್ದಾರೆ ರಾಜರು. ಅವ್ರೇನು ಕಾಲೇಜು ಓದಿದ್ರಾ? ನಿಮಗೆ ಕಣಿವೇಲಿ ನಿಲ್ಸೋಕಾಗಲ್ಲ ಅಂತೀರಲ್ಲ" ಎಂದರು. ಅಲ್ಲಿ ಅಡಿಯಲ್ಲಿ ಗಟ್ಟಿ ಬಂಡೆ ಇದೆ ಎಂದೆ. ಆ ಹೆಂಗಸಿನ ಮನೆಯಲ್ಲಿ ಮಜ್ಜಿಗೆ ಕುಡಿದು ಮನಸ್ಸು ಕರಗಿಸಿಕೊಂಡಿದ್ದೀರಿ ಎಂದರು. ಮಜ್ಜಿಗೆ ಕುಡಿದದ್ದು ನಿಜ. ಅವರನ್ನು ಗುಂಡಿಯ ಬಳಿಗೆ ಕರೆದುಕೊಂಡು ಹೋಗಿ, ಅವರ ಕಣ್ಣೆದುರಿಗೇ ನೀರು ಸುರಿಸಿದೆ. ನೀರು ಇಳಿಯುವುದನ್ನು ಕೊನೆಯವರೆಗೂ ನಿಂತು ನೋಡಿದರು. ಆಮೇಲೆ ಪಂಚೆ ಕೊಡವಿಕೊಂಡು ಇಳಿದು ಹೋದರು. ಅವರ ಬೆನ್ನು ನೋಡುತ್ತ ನನಗೆ ಆ ಆಸ್ಪತ್ರೆಯ ಹಂಡೆ ನೆನಪಾಯಿತು. ಬೇಡ ಎಂದು ಬರೆದು ಸಾಗರದ ಬಸ್ಸು ಹತ್ತಿದರೆ ನನ್ನ ಕೆಲಸ ಮುಗಿಯುತ್ತಿತ್ತು. ಹಾಗೆ ಮುಗಿಸಲು ಮನಸ್ಸು ಬರಲಿಲ್ಲ. ಈ ಊರಿಗೆ ನೀರು ಎಲ್ಲಿಂದಾದರೂ ಹುಡುಕಿಯೇ ಹೋಗುವುದು ಎಂದು ಅಂದೇ ನಿಶ್ಚಯಿಸಿದೆ.

ಕಣಿವೆಯ ಹಿಂದೆ, ಕಾಡಿನೊಳಗೆ, ಇನ್ನೊಂದು ಹಳ್ಳವಿತ್ತು. ಇಕ್ಕಟ್ಟಾದ ಕಂದರ, ಎರಡೂ ಕಡೆ ಕಪ್ಪು ಬಂಡೆ. ದೂರ ಹೆಚ್ಚೆಂದು, ಪೈಪು ಉದ್ದವಾಗುತ್ತದೆಂದು ಯಾರೂ ಅದರ ಕಡೆ ನೋಡಿರಲಿಲ್ಲ. ಅಲ್ಲಿ ದೊಡ್ಡ ಜಲಾಶಯವಾಗುವುದಿಲ್ಲ, ಸಣ್ಣ ಕಟ್ಟೆಯಷ್ಟೇ. ಆದ್ದರಿಂದ ಬೇಸಿಗೆಯ ಕೊನೆಯವರೆಗೂ ಆ ಹಳ್ಳ ಹರಿಯುತ್ತಿದ್ದರೆ ಮಾತ್ರ ಪ್ರಯೋಜನ. ನಾನು ಮೊದಲು ನೋಡಿದಾಗ ಚೆನ್ನಾಗಿ ಹರಿಯುತ್ತಿತ್ತು. ಆದರೆ ಅದಿನ್ನೂ ಮಾರ್ಚ್.

ವರದಿ ಮಾರ್ಚ್ ಒಳಗೆ ಬೇಕೆಂದು ಸಾಹೇಬರು ಹೇಳಿದ್ದರು. ಸಾಗರಕ್ಕೆ ಹೋಗಿ ಅವರ ಮುಂದೆ ನಿಂತೆ. ಎರಡನೇ ಹಳ್ಳವನ್ನು ಮಳೆ ಬೀಳುವ ತನಕ ಅಳೆಯಬೇಕು ಎಂದೆ. ಅವರು ಕಡತದಿಂದ ತಲೆ ಎತ್ತದೆ, ಇದ್ದ ಅಳತೆಯ ಮೇಲೆ ಅಂದಾಜು ಹಾಕಿ ಬರೆಯಿರಿ ಎಂದರು.

"ಸರ್, ಅಂದಾಜು ತಪ್ಪಿದರೆ ಮೇ ತಿಂಗಳಲ್ಲಿ ಖಾಲಿ ನಲ್ಲಿ ತಿರುಗಿಸೋರು ಆ ಊರಿನವರು. ಮೇ ತಿಂಗಳ ನೀರನ್ನ ಮೇ ತಿಂಗಳಲ್ಲೇ ಅಳೀಬೇಕು."

ಅವರು ತಲೆ ಎತ್ತಿದರು. ಕೆಲಸದಲ್ಲಿ ಬಿಗಿ, ಆದರೆ ಅನ್ಯಾಯದ ಮನುಷ್ಯರಲ್ಲ. ಮೊದಲ ಮಳೆಯವರೆಗೆ ಗಡುವು ಕೊಟ್ಟರು. ಜೊತೆಗೇ ಜೀಪನ್ನು ವಾಪಸು ತೆಗೆದುಕೊಂಡರು. ಬೇರೆ ಕೆಲಸಗಳಿಗೆ ಬೇಕಾಗಿತ್ತು. ಅಲ್ಲಿಂದ ಮುಂದೆ ಬಸ್ಸು, ಬಸ್ಸಿಳಿದ ಮೇಲೆ ಕಾಲು.

ಕಾಲ್ನಡಿಗೆಗಿಂತ ದೊಡ್ಡ ತೊಂದರೆ ಬೇರೆ ಇತ್ತು. ಸಾಗರ ಸೊರಬದ ಕಡೆ ಮಂಗನ ಕಾಯಿಲೆ ಕಾಣಿಸಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗು ಮನುಷ್ಯರನ್ನು ಕಚ್ಚಿ ಜ್ವರ ಬರುತ್ತದೆ, ಕೆಲವರು ಉಳಿಯುವುದಿಲ್ಲ ಎಂಬುದು ಊರೂರಿಗೂ ಗೊತ್ತಾಗಿತ್ತು. ಆ ಬೇಸಿಗೆಯಲ್ಲಿ ಕಂದರದ ದಾರಿಯಲ್ಲೇ ಒಂದು ಮಂಗ ಸತ್ತು ಬಿದ್ದಿದೆ ಎಂದು ಸುದ್ದಿಯಾಯಿತು. ನನ್ನ ಆಳುಗಳು ಕಾಡಿಗೆ ಬರುವುದಿಲ್ಲ ಎಂದರು. ಹೆಂಡತಿ ಮಕ್ಕಳಿರುವವರನ್ನು ಬಲವಂತ ಮಾಡಲಿಲ್ಲ. ಒಬ್ಬನೇ ಹೋಗುವುದೆಂದು ಹೊರಟೆ. ಕಣಿವೆಯ ಮನೆಯ ಮುಂದೆ ಹಾದುಹೋಗುವಾಗ ಆ ಹೆಂಗಸು ಕತ್ತಿ ಹಿಡಿದು ಎದ್ದು ಬಂದರು. "ಒಬ್ರೇ ಹೋಗಿ ಜಾರಿ ಬಿದ್ರೆ ಯಾರಿಗೆ ತಿಳೀತದೆ? ನಡೀರಿ, ನಾನೂ ಬರ್ತೀನಿ" ಎಂದರು.

ಕಾಯಿಲೆಯ ಹೆದರಿಕೆ ಇಲ್ಲವೇ ಎಂದು ಕೇಳಿದೆ. ಇದೆ, ಆದರೆ ಕೊಟ್ಟಿಗೆಗೆ ಸೊಪ್ಪು ತರಲು ಹೇಗೂ ಕಾಡಿಗೆ ಹೋಗಲೇಬೇಕು ಎಂದರು. ಇಬ್ಬರೂ ಕಾಲಿಗೆ ಬೇವಿನೆಣ್ಣೆ ಬಳಿದುಕೊಂಡೆವು.

ಹಳ್ಳಕ್ಕೆ ಅಡ್ಡವಾಗಿ ಒಂದು ಹಲಗೆ ನಿಲ್ಲಿಸಿ, ನೀರೆಲ್ಲ ಅದರ ನಡುವಿನ ಮೂರು ಮೂಲೆಯ ಕಚ್ಚಿನಿಂದಲೇ ಬೀಳುವಂತೆ ಸುತ್ತ ಮಣ್ಣು ಮೆತ್ತಿದೆವು. ಕಚ್ಚಿನಲ್ಲಿ ನೀರು ಎಷ್ಟು ಎತ್ತರ ನಿಂತಿದೆ ಎಂದು ಅಳತೆಪಟ್ಟಿಯಲ್ಲಿ ಓದಿದರೆ ಹಳ್ಳದ ಹರಿವು ಗೊತ್ತಾಗುತ್ತದೆ. ವಾರಕ್ಕೊಮ್ಮೆ ಹೋಗಿ ಓದುವುದು. ಹೋಗಿ ಬರುವ ದಾರಿಯಲ್ಲಿ ಆಕೆ ತಮ್ಮ ಹಳೆಯ ಊರಿನ ಮಾತು ತೆಗೆಯುತ್ತಿದ್ದರು. ಮನೆಯ ಅಂಗಳದವರೆಗೆ ನೀರು ಬಂದ ಮೇಲೂ ಗಂಡ ಹೊರಡಲು ಒಪ್ಪಲಿಲ್ಲವಂತೆ. ಹೊಸ ಜಾಗದಲ್ಲಿ ಮೊದಲ ಬೆಳೆ ಕೈಗೆ ಬರುವ ಮೊದಲೇ ಅವರು ತೀರಿಕೊಂಡರು. ಆ ಗದ್ದೆಗಳನ್ನು ಕಡಿದು ಮಟ್ಟ ಮಾಡಿದ್ದು ಆಕೆ ಮತ್ತು ಮೈದುನ ಇಬ್ಬರೇ. ಇದನ್ನೆಲ್ಲ ಅಳು ಬೆರೆಸದೆ ಹೇಳಿದರು. ಒಂದು ದಿನ ನನ್ನನ್ನು ಓವರ್ಸೀರ್ರೆ ಎನ್ನುವುದು ಬಿಟ್ಟು ತಮ್ಮ ಎಂದರು. ಆಮೇಲೆ ಹಾಗೆಯೇ ಉಳಿಯಿತು.

ಏಪ್ರಿಲ್ ಉದ್ದಕ್ಕೂ ಕಚ್ಚಿನ ನೀರು ಇಳಿಯುತ್ತ ಬಂತು, ಆದರೆ ನಿಧಾನವಾಗಿ. ಮೇ ತಿಂಗಳ ನಡುವಿನ ಓದು ಎಲ್ಲಕ್ಕಿಂತ ಮುಖ್ಯವಾಗಿತ್ತು. ಸರಿಯಾಗಿ ಆಗಲೇ ನನಗೆ ಜ್ವರ ಬಂತು. ತಲೆ ಸಿಡಿಯುವ ನೋವು, ಮೈಯೆಲ್ಲ ಕೊಡಲಿಯಿಂದ ಹೊಡೆದಂತೆ. ಪೇಟೆಯಲ್ಲಿ ನಾನು ಇಳಿದುಕೊಂಡಿದ್ದ ಕೋಣೆಯ ಯಜಮಾನರು ಬಾಗಿಲಲ್ಲೇ ನಿಂತು ಮಾತಾಡಿಸಿದರು, ಒಳಗೆ ಬರಲಿಲ್ಲ. ಎಲ್ಲರ ಮನಸ್ಸಿನಲ್ಲೂ ಒಂದೇ ಹೆಸರು. ನನ್ನ ಮನಸ್ಸಿನಲ್ಲೂ ಅದೇ. ಊರಿನಲ್ಲಿದ್ದ ಅಮ್ಮನನ್ನು ನೆನೆದು ಗೋಡೆಯ ಕಡೆ ತಿರುಗಿ ಮಲಗಿದ್ದೆ. ಸಂಜೆ ಚೇರ್ಮನ್ನರು ಗಾಡಿ ತಂದು, ನನ್ನನ್ನು ಕಂಬಳಿಯಲ್ಲಿ ಸುತ್ತಿ ತಮ್ಮ ಮನೆಗೆ ಕರೆದುಕೊಂಡು ಹೋದರು. ಗುಂಡಿಯ ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದವರು ಅವರು. ಡಾಕ್ಟರು ಬಂದು ನೋಡಿ, ಇನ್ನೂ ಕಾದು ನೋಡಬೇಕು ಎಂದರು.

ಮರುದಿನ ಜ್ವರದಲ್ಲೇ ಏಳಲು ಹೋದೆ. ಚೇರ್ಮನ್ನರು ಎಲ್ಲಿಗೆ ಎಂದರು. ಈ ವಾರದ ಓದು ತಪ್ಪಿದರೆ ಇಡೀ ಬೇಸಿಗೆಯ ಕೆಲಸ ನೀರಿನಲ್ಲಿ ಹೋಮ ಎಂದೆ. ಅವರು ನನ್ನ ಹೆಗಲು ಹಿಡಿದು ಮಲಗಿಸಿದರು.

"ನಂಗೆ ಹೇಳ್ಕೊಡಿ, ನಾನು ಹೋಗ್ತೀನಿ. ಆ ಪಟ್ಟಿ ಓದೋಕೆ ನಿಮ್ಮಷ್ಟು ಓದಬೇಕಾ?"

ಅವರ ಮನೆಯವರು ಬೇಡವೆಂದು ಅತ್ತು ಕರೆದರು. ಅವರು ಕೇಳಲಿಲ್ಲ. ಪಟ್ಟಿಯನ್ನು ಹೇಗೆ ಹಿಡಿಯಬೇಕು, ಕಚ್ಚಿನಿಂದ ಎಷ್ಟು ಹಿಂದೆ ನಿಂತು ಓದಬೇಕು ಎಂದು ಮಲಗಿದಲ್ಲೇ ಹೇಳಿಕೊಟ್ಟೆ. ಪಂಚೆ ಬಿಟ್ಟು ಮಗನ ಪ್ಯಾಂಟು ಬಿಗಿದುಕೊಂಡು ಹೊರಟರು. ಕಣಿವೆಯ ಹೆಂಗಸು ಅವರೊಡನೆ ಹೋದರಂತೆ. ದಾರಿಯುದ್ದಕ್ಕೂ ಇಬ್ಬರೂ ಮಾತಾಡಲಿಲ್ಲವೆಂದು ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ಮಧ್ಯಾಹ್ನ ಕಳೆದು ಚೇರ್ಮನ್ನರು ಬಂದಾಗ ಮುಖ ಕೆಂಪಾಗಿತ್ತು, ಅಂಗಿ ಹರಿದಿತ್ತು. ಸ್ನಾನಕ್ಕೂ ಮೊದಲು ನನ್ನ ಮಂಚದ ಬಳಿ ಬಂದರು.

"ನೀರಿದೆ ಇಂಜಿನಿಯರ್ರೆ. ನಮ್ಮ ಬಾವಿಯೆಲ್ಲ ಬತ್ತಿರೋ ಹೊತ್ತಲ್ಲಿ ಅಲ್ಲಿ ಬಂಡೆ ಮೇಲೆ ಬಿಳೀ ನೀರು ಬೀಳ್ತಾ ಇದೆ. ಇಷ್ಟು ವರ್ಷ ಇಲ್ಲೇ ಇದ್ದು ನಾನು ಒಂದ್ಸಲ ಹೋಗಿ ನೋಡ್ಲಿಲ್ಲ." ಆಮೇಲೆ ಪಟ್ಟಿಯ ಓದು ಹೇಳಿದರು.

ನನ್ನ ಜ್ವರ ಆ ಕಾಯಿಲೆಯದಾಗಿರಲಿಲ್ಲ. ವಾರದಲ್ಲಿ ಇಳಿಯಿತು. ಇನ್ನೊಂದು ಓದನ್ನು ನಾನೇ ಹೋಗಿ ತೆಗೆದೆ. ಅದು ಚೇರ್ಮನ್ನರ ಓದಿಗೆ ಹೊಂದಿಕೆಯಾಗಿಯೇ ಇತ್ತು. ಅದಾದ ಮೇಲೆ ಮೊದಲ ಮಳೆ ಬಿತ್ತು.

ಸಾಗರದಲ್ಲಿ ಸಾಹೇಬರು ಅಂಕಿಗಳ ಮೇಲೆ ಬೆರಳಾಡಿಸುತ್ತ, ಮೇ ನಡುವಿನ ಓದು ಯಾರು ತೆಗೆದದ್ದು ಎಂದು ಕೇಳಿದರು. ಇದ್ದದ್ದು ಹೇಳಿದೆ. ನೀರು ಬೇಕಾದವರೇ ನೀರನ್ನು ಅಳೆದರೆ ನಾಳೆ ಪ್ರಶ್ನೆ ಬರುತ್ತದೆ ಎಂದರು. ಅದರ ಹಿಂದಿನ ಮತ್ತು ಮುಂದಿನ ಓದು ನನ್ನವು, ಮೂರನ್ನೂ ಜೋಡಿಸಿ ನೋಡಿ ಎಂದೆ. ಕಾಗದದ ಮೇಲೆ ತಾವೇ ಗೆರೆ ಎಳೆದು ನೋಡಿದರು. ಓದಿದವರು ಯಾರು ಎಂಬುದನ್ನೂ ವರದಿಯಲ್ಲಿ ಬರೆಯಿರಿ, ಮುಚ್ಚಿಡಬೇಡಿ ಎಂದು ಹೇಳಿ ಸಹಿ ಮಾಡಿದರು. ಅಗಲ ಕಣಿವೆ ಬೇಡ, ಕಂದರದಲ್ಲಿ ಕಲ್ಲಿನ ಕಟ್ಟೆ ಸಾಧ್ಯ ಎಂದು ವರದಿ ಹೋಯಿತು.

ಒಂದು ತೊಡಕು ಉಳಿಯಿತು. ಕಂದರದಿಂದ ಬರುವ ಪೈಪು ಆ ಕಣಿವೆಯ ಗದ್ದೆಗಳನ್ನು ದಾಟಲೇಬೇಕಿತ್ತು. ಪಂಚಾಯ್ತಿ ಸಭೆಯಲ್ಲಿ ಆ ಮಾತು ಬಂದಾಗ ಎಲ್ಲರೂ ಬಾಗಿಲ ಕಡೆ ನೋಡಿದರು. ಆಕೆ ಮೈದುನನ ಜೊತೆ ಬಂದು ಕೂತಿದ್ದರು. ಎದ್ದು ನಿಂತು, ಅಂಚಿನ ಪಕ್ಕ ಪೈಪು ಹಾಕಿಕೊಳ್ಳಿ, ನಾವು ಅಡ್ಡ ಬರುವುದಿಲ್ಲ ಎಂದರು.

"ಆದ್ರೆ ನಮ್ಮ ಗದ್ದೆ ದಾಟಿ ಹೋಗೋ ನೀರು ನಮ್ಮನ್ನೂ ದಾಟಿ ಹೋಗೋದು ಬೇಡ. ನಮಗೂ ಒಂದು ನಲ್ಲಿ ಬೇಕು."

ಪಂಚಾಯ್ತಿಯ ಗಡಿಯಾಚೆ ನಲ್ಲಿ ಕೊಡಲು ನಿಯಮವಿಲ್ಲ ಎಂದು ಯಾರೋ ಹೇಳಿದರು. ಚೇರ್ಮನ್ನರು ಮೇಜು ತಟ್ಟಿ, ಮೇಲಿನಿಂದ ಅನುಮತಿ ತರಿಸುವ ಜವಾಬ್ದಾರಿ ನನ್ನದು, ನಲ್ಲಿ ಇದೆ ಎಂದೇ ಬರೆದುಕೊಳ್ಳಿ ಎಂದರು. ಅದಕ್ಕಾಗಿ ಅವರು ಎಷ್ಟು ಸಲ ಶಿವಮೊಗ್ಗಕ್ಕೆ ಓಡಾಡಿದರೋ ನಾನು ಕಾಣೆ. ಆ ಹೊತ್ತಿಗೆ ನನಗೆ ತೀರ್ಥಹಳ್ಳಿಗೆ ವರ್ಗವಾಗಿತ್ತು.

ಕಟ್ಟೆ ಕಟ್ಟುವುದು ಅವರು ಅಂದುಕೊಂಡಂತೆ ಮರು ಬೇಸಿಗೆಗೆ ಮುಗಿಯಲಿಲ್ಲ. ಸಿಮೆಂಟಿಗೆ ಕಾದು, ಪೈಪಿಗೆ ಕಾದು, ನಡುವೆ ಮಳೆಗಾಲಗಳು ಕಳೆದವು. ನೀರು ಬಿಟ್ಟ ಮೊದಲ ಬೇಸಿಗೆಯಲ್ಲಿ, ಒಂದು ಭಾನುವಾರ, ತೀರ್ಥಹಳ್ಳಿಯಿಂದ ಬಸ್ಸು ಹಿಡಿದು ಹೋದೆ. ಮದುವೆಯಾಗಿತ್ತು, ಹೆಂಡತಿಯೂ ಜೊತೆಗಿದ್ದಳು. ಕಣಿವೆಯ ಮನೆಯಲ್ಲಿ ನಮ್ಮನ್ನು ಊಟ ಮಾಡದೆ ಬಿಡಲಿಲ್ಲ. ನಲ್ಲಿ ಅಂಗಳದ ಮೂಲೆಯಲ್ಲಿತ್ತು, ಅದರ ಸುತ್ತ ಕಲ್ಲು ಹಾಸಿದ್ದರು. ಆಕೆ ನನ್ನ ಹೆಂಡತಿಯನ್ನು ಕೂರಿಸಿಕೊಂಡು, ಗೂಟ ಕಿತ್ತ ಕಥೆಯನ್ನು ನಗುತ್ತ ಹೇಳಿದರು.

ಪೇಟೆಗೆ ಇಳಿದಾಗ ಚೇರ್ಮನ್ನರು ಅಂಗಡಿಯಿಂದ ಎದ್ದು ಬಂದರು. ಕೈ ಹಿಡಿದುಕೊಂಡು ಮೊದಲು ಹೇಳಿದ್ದೇ ದೂರು. ಕೆಳಗಿನ ಬೀದಿಗೆ ನೀರು ಚೆನ್ನಾಗಿ ಬರುತ್ತದೆ, ಆಸ್ಪತ್ರೆಗೂ ಬರುತ್ತದೆ, ಮೇಲಿನ ಬೀದಿಯ ಕೊನೆಯ ಮನೆಗಳಿಗೆ ಹತ್ತುವುದಿಲ್ಲ, ಅಲ್ಲಿಯ ಹೆಂಗಸರು ಇನ್ನೂ ಬಿಂದಿಗೆ ಹೊರುತ್ತಿದ್ದಾರೆ ಎಂದರು. ಎತ್ತರದಲ್ಲಿ ಒಂದು ತೊಟ್ಟಿ ಬೇಕಾಗುತ್ತದೆ ಎಂದೆ. ಎಲ್ಲಿ ಎಂದು ಕೇಳಿದರು. ನೋಡದೆ ಹೇಗೆ ಹೇಳಲಿ ಎಂದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಹೆಂಡತಿಯನ್ನು ಅವರ ಸೊಸೆಯ ಬಳಿ ಬಿಟ್ಟು ನಾವಿಬ್ಬರೂ ಮೇಲಿನ ಬೀದಿ ಹತ್ತತೊಡಗಿದೆವು.